ಸುಶೀಲವ್ವನ ತೊಟ್ಟಿಲ ಗಾದಿ

ಮನೆಗೆ ಬಂದವರಿಗೆ ‘ಕೂಡ್ರಿ’ ಎನ್ನುವ ಮೊದಲು ಹಾಸಿಗೆಗೆ ಒಂದು ಏಟು ಹಾಕುವುದು ಸುಶೀಲವ್ವನ ಪದ್ಧತಿ. ಅಂಗೈಯನ್ನು ಅಗಲವಾಗಿ ಬಿಚ್ಚಿ, ಗಾದಿಯ ನಟ್ಟನಡುವೆ ಬಲವಾಗಿ ಬಡಿದು, ಎದ್ದ ಧೂಳು ಕಿಟಕಿಯ ಬಿಸಿಲಕೋಲಿನಲ್ಲಿ ತೇಲುತ್ತದೆಯೋ ಇಲ್ಲವೋ ಎಂದು ಕತ್ತು ಓರೆ ಮಾಡಿ ನೋಡಿ, ತೇಲದಿದ್ದರೆ ಮಾತ್ರ ಅತಿಥಿಗೆ ಆಸನ. ತೇಲಿತೋ, ಬಂದವರು ಸಾಕ್ಷಾತ್ ತಹಶೀಲ್ದಾರರೇ ಆಗಿರಲಿ, ಹೊರಗಿನ ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಹೋಗಬೇಕು. ಆ ಏಟಿನ ಸದ್ದು ಕುಬಿಹಾಳದ ನಮ್ಮ ಓಣಿಗೆ ಎಷ್ಟು ರೂಢಿಯಾಗಿದೆಯೆಂದರೆ, ಅದು ಕಿವಿಗೆ ಬಿದ್ದ ಕೂಡಲೇ ಎದುರುಮನೆಯವರು ಒಲೆಯ ಮುಂದಿನಿಂದ ಏಳದೆಯೇ, ಸುಶೀಲವ್ವನ ಮನೆಗೆ ಯಾರೋ ಬಂದರು ಎಂದು ಹೇಳಿಬಿಡುತ್ತಾರೆ.

ಗಿಡ್ಡ ಆಳು, ಗಟ್ಟಿ ಮೈಕಟ್ಟು. ಮಳೆ ಹನಿಯುವ ಮೊದಲು ಒಣಹಾಕಿದ್ದನ್ನು ಎತ್ತಿಕೊಳ್ಳಲು ಧಾವಿಸುವ ಹೆಂಗಸಿನ ನಡಿಗೆ. ಸುಡುಬೇಸಿಗೆಯಲ್ಲೂ ಅದೇ ಅವಸರ. ಮಾತಿನಲ್ಲಿಯೂ ಒಂದು ಖಯಾಲಿ ಉಂಟು. ಯಾರು ಏನೇ ಹೇಳಲಿ, ಪೂರ್ತಿ ಕೇಳಿ, ‘ಅದಿರ್ಲಿ, ಒಣಗೇತೇನು?’ ಎನ್ನುವುದು. ನಮ್ಮ ಓಣಿಯ ಬಸಣ್ಣ ಒಮ್ಮೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗಿ ಬಂದು, ಮಲ್ಲಯ್ಯನ ದರ್ಶನವಾದ ಗಳಿಗೆಯನ್ನು ಕಣ್ಣಲ್ಲಿ ನೀರು ತುಂಬಿಕೊಂಡು ವರ್ಣಿಸಿದನಂತೆ. ಸುಶೀಲವ್ವ ಭಕ್ತಿಯಿಂದ ಕೈಮುಗಿದು ಕೇಳಿ, ಕಡೆಗೆ, ಪಾತಾಳಗಂಗೆಯಲ್ಲಿ ಮುಳುಗಿ ಎದ್ದೆಯಲ್ಲ, ಅದಿರಲಿ, ಆ ಧೋತರ ಒಣಗೇತೇನು ಎಂದು ವಿಚಾರಿಸಿದಳು. ಬಸಣ್ಣನಿಗೆ ಸಿಟ್ಟು ಬಂದಿತು. ಆದರೆ ಗಂಟಿನಲ್ಲಿದ್ದ ಧೋತರ ಇನ್ನೂ ಹಸಿಯಾಗಿಯೇ ಇದ್ದುದರಿಂದ ಸುಮ್ಮನೆ ಎದ್ದುಹೋದ.

ಇನ್ನು ಆ ಕೋಟು. ಗಂಡ ಈರಬಸಪ್ಪ ಮದುವೆಯಲ್ಲಿ ತೊಟ್ಟ ಕರಿ ಕೋಟು, ವರನ ಮೈಗಿಂತ ಹೆಚ್ಚು ಕಾಲ ವಧುವಿನ ಮೈಮೇಲೆಯೇ ಇದೆ. ಗಾದಿ ಬಡಿಯುವ ದಿನ ಸುಶೀಲವ್ವ ಅದನ್ನು ಒಳಮೈ ಹೊರಗೆ ಮಾಡಿ ಸೀರೆಯ ಮೇಲೆ ತೊಡುತ್ತಾಳೆ. ಒಳಗಿನ ನುಣುಪು ಅಸ್ತರಿಗೆ ಧೂಳು ಅಂಟುವುದಿಲ್ಲ, ಝಾಡಿಸಿದರೆ ಉದುರಿಹೋಗುತ್ತದೆ ಎನ್ನುವುದು ಆಕೆಯ ತರ್ಕ. ತಲೆಗೊಂದು ವಸ್ತ್ರ, ಕೈಯಲ್ಲಿ ಬೆತ್ತ, ಮೈಮೇಲೆ ತಿರುವಿದ ಕೋಟು. ಆ ಅವತಾರದಲ್ಲಿ ಆಕೆ ಹೊಸ್ತಿಲು ದಾಟಿದಳೆಂದರೆ ಓಣಿಯ ನಾಯಿಗಳೂ ಜಾಗ ಬಿಟ್ಟು ಏಳುತ್ತವೆ. ಕೋಟಿನ ಮಾನ ಹೋಯಿತೆಂದು ಈರಬಸಪ್ಪ ಮೊದಮೊದಲು ಗೊಣಗಿದ್ದುಂಟು. ಈಗ ಅದನ್ನು ‘ಆಕೀ ಕೋಟು’ ಎಂದೇ ಕರೆಯುತ್ತಾನೆ.

ಇಂಥ ಸುಶೀಲವ್ವನ ಮನೆಗೆ ಮಗಳು ರೋಹಿಣಿ ಚೊಚ್ಚಲ ಬಾಣಂತನಕ್ಕೆ ಬಂದಳು. ಬೀಗತಿ ಮಲ್ಲಕ್ಕ ಅಣ್ಣಿಗೇರಿಯವಳು. ಅಲ್ಲಿ ಅವರದು ಹೊಸ ಮನೆ, ನುಣ್ಣನೆಯ ನೆಲ, ಕೋಣೆಗೊಂದು ಫ್ಯಾನು. ಬಾಣಂತನ ಅಲ್ಲಿಯೇ ಆಗಲಿ ಎಂದು ಆಕೆ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ಚೊಚ್ಚಲ ಬಾಣಂತನ ತವರಿನ ಹಕ್ಕು ಎಂದು ಸುಶೀಲವ್ವ ಹಟ ಹಿಡಿದು ಮಗಳನ್ನು ಕರೆತಂದಳು. ಹಟದಿಂದ ತಂದ ಬಾಣಂತನ ನಗೆಪಾಟಲಾಗಬಾರದಲ್ಲ. ಕೂಸು ಹುಟ್ಟುವ ಮೊದಲೇ ತೊಟ್ಟಿಲ ಗಾದಿಯ ಸಿದ್ಧತೆ ನಡೆಯಿತು.

ಆ ಮನೆಯಲ್ಲಿ ಹಸುಗೂಸನ್ನು ಹೊಸ ಹತ್ತಿಯ ಮೇಲೆ ಮಲಗಿಸುವ ರೂಢಿಯಿಲ್ಲ. ಬಾಳಿ ಬದುಕಿದ ಹಿರಿಯರು ಮಲಗಿದ ಗಾದಿಯಿಂದ ಹತ್ತಿ ತೆಗೆದು, ಹಿಂಜಿಸಿ, ಪುಟ್ಟ ಗಾದಿ ಮಾಡಿಸಬೇಕು. ಸುಶೀಲವ್ವ ತನ್ನ ಅತ್ತೆಯ ಗಾದಿಯನ್ನು ಪಿಂಜಾರ ಮಾಬುಸಾಬನಿಗೆ ಕೊಟ್ಟಳು. ಓಣಿಯ ತುದಿಯ ಮಾಬುಸಾಬ ನಮ್ಮೂರ ಮುಕ್ಕಾಲು ಮಂದಿಯ ನಿದ್ದೆಗೆ ಜವಾಬ್ದಾರನಾದ ಮನುಷ್ಯ. ಅಪ್ಪನ ಕಾಲದ ಹತ್ತಿ ಹಿಂಜುವ ಬಿಲ್ಲು ಗೋಡೆ ಸೇರಿ ಈಗ ಮೋಟಾರಿನ ಯಂತ್ರ ಬಂದಿದ್ದರೂ, ಹಿಂಜಿದ ಹತ್ತಿಯನ್ನು ಕೆನ್ನೆಗೊತ್ತಿ ನೋಡದೆ ಗಾದಿಗೆ ತುಂಬುವವನಲ್ಲ. ಆತ ಕೊಟ್ಟ ಗಾದಿ ಅಂಗೈ ಇಟ್ಟರೆ ಮೆಲ್ಲಗೆ ಇಳಿದು ಮೆಲ್ಲಗೆ ಏಳುತ್ತಿತ್ತು.

ಅದರ ಮೇಲೆ ಸುಶೀಲವ್ವ ಕಟ್ಟಿದ ಕೋಟೆಯನ್ನು ಹೇಳಬೇಕು. ಮೊದಲು ಗಾದಿಗೆ ದಪ್ಪ ಬಟ್ಟೆಯ ಗಲೀಫು. ಅದರ ಮೇಲೆ, ರೋಹಿಣಿ ಮೊಬೈಲಿನಲ್ಲಿ ತರಿಸಿದ ಡ್ರೈ ಶೀಟು. ಈ ಶೀಟಿಗೆ ಸುಲಭದಲ್ಲಿ ಪ್ರವೇಶ ಸಿಗಲಿಲ್ಲ. ಕೆಳಗೆ ಹಳೆಯ ಪೇಪರು ಹಾಸಿ, ಮೇಲೆ ಒಂದು ತಂಬಿಗೆ ನೀರು ಸುರಿದು, ಊಟ ಮುಗಿಸಿ ಬಂದು ಪೇಪರನ್ನು ಮುಟ್ಟಿ ನೋಡಿ, ಅಕ್ಷರವೂ ತೊಯ್ದಿಲ್ಲವೆಂದು ಖಾತ್ರಿಯಾದ ಮೇಲೆಯೇ ‘ಪಾಸಾತು’ ಎಂದಳು. ಅದರ ಮೇಲೆ ಹಳೆಯ ಧೋತರ, ಸೀರೆಗಳ ಮೆತ್ತನೆಯ ಸಣ್ಣ ಕೌದಿ. ಕೂಸು ಒದ್ದೆ ಮಾಡಿದರೆ ಕೌದಿ ಬದಲು. ಅಂಚಿನಿಂದ ಎಲ್ಲಾದರೂ ಗಾದಿಗೆ ಇಳಿದರೆ ತಿಕ್ಕುವಂತಿಲ್ಲ, ಒಣ ಬಟ್ಟೆಯಿಂದ ಒತ್ತಿ ಒತ್ತಿ ಹೀರಿಸಿ, ಅಡುಗೆ ಸೋಡಾ ಉದುರಿಸಿ, ಅದು ಒಣಗಿ ಪುಡಿಯಾದ ಮೇಲೆ ಝಾಡಿಸಿ, ಬಿಸಿಲು. ತಿಕ್ಕಿದರೆ ಹೊಲಸು ಒಳಗೆ ಹೋಗಿ ಕೂಡುತ್ತದೆ ಎಂದು ಆಕೆ ಮಗಳಿಗೆ ಹೇಳುವುದನ್ನು ನಾನೇ ಕಟ್ಟೆಯ ಮೇಲೆ ಕೂತು ಕೇಳಿದ್ದೇನೆ. ಗಾದಿ ದಿನವೂ ಮಾಳಿಗೆ ಏರಿ, ಎರಡೂ ಮಗ್ಗುಲು ಸೂರ್ಯನಿಗೆ ಒಪ್ಪಿಸಿ, ಇಳಿದು ಬರುತ್ತಿತ್ತು.

ಇಷ್ಟೆಲ್ಲ ಆಗಿಯೂ ಕೂಸಿನ ಮೈಮೇಲೆ ಕೆಂಪು ಗಂಧೆಗಳು ಎದ್ದವು.

ಮೊದಲು ಬೆನ್ನಿಗೆ, ಆಮೇಲೆ ತೊಡೆಗೆ, ಕತ್ತಿನ ಮಡಿಕೆಗೆ. ಹೆಣ್ಣುಕೂಸು, ಹೆಸರಿಟ್ಟು ಇನ್ನೂ ಬಹಳ ದಿನವಾಗಿರಲಿಲ್ಲ. ಮಲಗಿಸಿದರೆ ಕಿರುಚುವುದು, ಎತ್ತಿಕೊಂಡರೂ ಸಮಾಧಾನವಿಲ್ಲ. ಪುಟ್ಟ ಉಗುರಿನಿಂದ ಕೆನ್ನೆ ಗೀರಿಕೊಳ್ಳುತ್ತದೆಂದು ರೋಹಿಣಿ ಅದರ ಕೈಗಳಿಗೆ ಕಾಲುಚೀಲ ತೊಡಿಸಿದಳು. ಕುಂದಗೋಳದ ಡಾಕ್ಟರು ಹಚ್ಚಲು ಔಷಧ ಕೊಟ್ಟು, ಹೊರಡುವಾಗ, ಕೂಸಿನ ಹಾಸಿಗೆ ಸ್ವಚ್ಛ ಇಡಿ ಎಂದು ಎಲ್ಲರಿಗೂ ಹೇಳುವ ಒಂದು ಮಾತನ್ನು ಹೇಳಿದರು. ಅವರಿಗೇನು ಗೊತ್ತು, ಆ ಮಾತು ಯಾರ ಎದೆಗೆ ತಾಗಿತೆಂದು! ಸುಶೀಲವ್ವ ಮನೆಗೆ ಬಂದವಳೇ ಕೋಟು ತೊಟ್ಟಳು.

ಆಮೇಲೆ ನಡೆದದ್ದು ತೊಳೆಯುವಿಕೆಯಲ್ಲ, ದಂಡಯಾತ್ರೆ. ಗಲೀಫು, ಕೌದಿ, ಕೂಸಿನ ಕುಂಚಿಗೆ ಎಲ್ಲವೂ ಹಂಡೆಯಲ್ಲಿ ಕುದಿದವು. ತೊಟ್ಟಿಲ ಹಗ್ಗ ಬಿಚ್ಚಿ ಬಿಸಿನೀರು ಹೊಯ್ದಳು. ಸಾಬೂನಿನ ಹೊಲಸು ಉಳಿದೀತೆಂದು ಮೂರನೆಯ ನೀರು, ನಾಲ್ಕನೆಯ ನೀರು. ಬೇವಿನ ಸೊಪ್ಪಿನ ಹೊಗೆ. ಮಾಳಿಗೆಯ ಮೇಲೆ ಗಾದಿಗೆ ಬಿದ್ದ ಏಟಿಗೆ ಪಾರಿವಾಳಗಳು ಆ ದಿಕ್ಕನ್ನೇ ಬಿಟ್ಟವು. ಕೈಯ ಚರ್ಮ ಬಿಳುಪೇರಿ ಸುಕ್ಕಾಯಿತು, ಗಂಧೆಗಳು ಮಾತ್ರ ಮಾಯಲಿಲ್ಲ. ಒಂದು ದಿನ ರೋಹಿಣಿ ತಾಳಲಾರದೆ ಅತ್ತುಬಿಟ್ಟಳು.

“ಅವ್ವಾ, ನೀ ತೊಳಕೋತ ಕುಂತಿ, ಕೂಸು ಅಳಕೋತ ಮಲಗೈತಿ.”

ಅದೇ ವಾರ ಮಲ್ಲಕ್ಕ ಮೊಮ್ಮಗಳನ್ನು ನೋಡಲು ಬಂದಳು. ಕುಂಚಿಗೆ ಸರಿಸಿ ಬೆನ್ನು ನೋಡಿದಳು. ಕೂಗಾಡುವ ಹೆಂಗಸಲ್ಲ, ಅದೇ ಹೆಚ್ಚು ಕಷ್ಟವಾಯಿತು.

“ಸಿಟ್ಟಾಗಬ್ಯಾಡ್ರಿ ಅಕ್ಕಾರ. ಸೋಮವಾರ ಗಾಡಿ ತರ್ತೇನಿ. ಕೂಸಿನ ಮೈ ಹಿಂಗ ಇದ್ರ ತಾಯಿ-ಮಗಳನ್ನ ಅಣ್ಣಿಗೇರಿಗೆ ಕರಕೊಂಡು ಹೋಗ್ತೇನಿ.”

ತಿಂಗಳು ತುಂಬದ ಬಾಣಂತಿಯನ್ನು ಬೀಗರು ನಡುವೆ ಎಬ್ಬಿಸಿಕೊಂಡು ಹೋಗುವುದೆಂದರೆ ತವರಿನ ಪಾಲಿಗೆ ಅದಕ್ಕಿಂತ ದೊಡ್ಡ ಅವಮಾನ ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ. ಆದರೆ ಸುಶೀಲವ್ವನನ್ನು ಸುಟ್ಟದ್ದು ಅವಮಾನವಷ್ಟೇ ಅಲ್ಲ. ತನ್ನ ಕೈ ಶುದ್ಧವೆಂಬ ನಂಬಿಕೆಯ ಮೇಲೆ ಆಕೆ ಇಡೀ ಬದುಕನ್ನು ಹಾಸಿದ್ದಳು. ಆ ಕೈಯಿಂದ ಹಾಸಿದ ಹಾಸಿಗೆಯೇ ಕೂಸನ್ನು ಕಚ್ಚುತ್ತಿತ್ತು.

ಇಂಥ ಹೊತ್ತಿನಲ್ಲಿ ಮನುಷ್ಯರಿಗೆ ತಪ್ಪಿತಸ್ಥ ಬೇಕಾಗುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮರುದಿನ ಮುಂಜಾನೆ ಮಾಬುಸಾಬ ಓಣಿಯಲ್ಲಿ ಹೋಗುತ್ತಿದ್ದಾಗ ಸುಶೀಲವ್ವ ಹಾದಿಯ ನಡುವೆಯೇ ತಡೆದಳು.

“ನಮ್ಮತ್ತಿ ಹತ್ತಿ ಎಲ್ಲಿಟ್ಟಿ ಮಾಬಣ್ಣಾ? ಯಾರ ಮನೀ ಹೊಲಸು ತುಂಬಿಕೊಟ್ಟಿ ನನ್ನ ಮೊಮ್ಮಗಳ ಬುಡಕ?”

ಕಟ್ಟೆಗಳ ಮೇಲಿದ್ದವರೆಲ್ಲ ತಲೆ ಎತ್ತಿದರು. ಹತ್ತಿ ಬದಲಿಸಿದನೆಂಬ ಮಾತು ಪಿಂಜಾರನಿಗೆ, ತೂಕದಲ್ಲಿ ಮೋಸ ಮಾಡಿದನೆಂಬ ಮಾತು ಅಂಗಡಿಯವನಿಗೆ ಆಗುವುದಕ್ಕಿಂತ ಹೆಚ್ಚಿನ ನೋವು. ಮಾಬುಸಾಬನ ಮುಖ ಕೆಂಪಾಯಿತು. ಆದರೂ ದನಿ ಏರಿಸಲಿಲ್ಲ.

“ಗಾದಿ ತಗೊಂಡು ನಮ್ಮ ಮನಿಗೆ ಬರ್ರಿ ಅಕ್ಕಾರ. ನಿಮ್ಮ ಮುಂದ ಹೊಲಿಗಿ ಬಿಚ್ಚತೇನಿ. ಆಮ್ಯಾಲ ಏನ್ ಬೈತೀರಿ ಬೈರಿ.”

ಗಾದಿಯನ್ನು ಕಂಕುಳಲ್ಲಿಟ್ಟುಕೊಂಡು ಸುಶೀಲವ್ವ ಹೋದಳು. ಆತನ ಅಂಗಳದ ಬೇವಿನ ಗಿಡದ ಕೆಳಗೆ, ಆತನ ಕೈ ಕಾಣುವಂತೆ ಎದುರಿಗೇ ಕೂತಳು. ಹೊಲಿಗೆಯ ಒಂದು ಮೂಲೆ ಬಿಚ್ಚಿಕೊಂಡಿತು. ಹತ್ತಿಯ ನಡುವಿನಿಂದ ಕುಬಸದ ಖಣದ ಚೂರಿನಲ್ಲಿ ಕಟ್ಟಿದ ಒಂದು ಪುಟ್ಟ ಗಂಟು ಉರುಳಿ ಆಕೆಯ ಕಾಲ ಬಳಿ ಬಿದ್ದಿತು. ಬಜೆ ಬೇರು, ಅಜವಾನ. ಹುಳ ಬಾರದಿರಲೆಂದು ಅತ್ತೆ ತನ್ನ ಗಾದಿಯ ಮೂಲೆಯಲ್ಲಿ ಇಟ್ಟು ಹೊಲಿದದ್ದು. ಹಳೆಯ ಗಾದಿ ಬಿಚ್ಚಿದಾಗ ಮಾಬುಸಾಬ ಅದನ್ನು ಎಸೆಯದೆ, ಯಾರಿಗೂ ಹೇಳದೆ, ಹೊಸದರ ಮೂಲೆಯಲ್ಲಿ ಮತ್ತೆ ಇಟ್ಟಿದ್ದ. ಸುಶೀಲವ್ವ ಆ ಗಂಟನ್ನು ಎತ್ತಿ ಮೂಸಿ ನೋಡಿದಳು. ಆಕೆಗೆ ನಾಚಿಕೆಯಾಯಿತು. ಮಾಬುಸಾಬನ ಸೊಸೆ ತಬಸುಮ್ ಚಹಾ ತಂದಾಗ, ಹೊರಗೆ ಎಲ್ಲಿಯೂ ಒಂದು ಗುಟುಕು ನೀರು ಮುಟ್ಟದ ಆಕೆ ಬಟ್ಟಲನ್ನು ಎರಡೂ ಕೈಯಿಂದ ತೆಗೆದುಕೊಂಡಳು.

ಎದ್ದು ಬರಬಹುದಿತ್ತು. ಬಿಚ್ಚಿದ್ದಾಗಿದೆ, ಇನ್ನೊಮ್ಮೆ ಹಿಂಜಿ ಬಿಸಿಲು ತೋರಿಸಿ ಕೊಡುತ್ತೇನೆಂದು ಮಾಬುಸಾಬ ಅಂದದ್ದರಿಂದ ಮಧ್ಯಾಹ್ನ ಕಳೆಯುವವರೆಗೂ ಅಲ್ಲಿಯೇ ಉಳಿದಳು. ಬಟ್ಟಲು ಒಯ್ಯಲು ಬಂದ ತಬಸುಮ್, ಆಕೆಯ ಮುಂಗೈ ತುಂಬ ಉಗುರಿನ ಗೀರು ಕಂಡು, ಏನಾಗಿದೆಯೆಂದು ಮರುಕದಿಂದ ಕೇಳಿದಳು.

“ಏನಿಲ್ಲ ಬೇ. ಹತ್ತಿ ಸುಗ್ಗಿ ಅಲ್ಲಾ, ಮೈ ತುರಸತೈತಿ.”

ಹೇಳುತ್ತಲೇ ತನ್ನ ಮುಂಗೈ ನೋಡಿಕೊಂಡಳು. ತುರಿಸುತ್ತದೆ, ನಿಜ, ಆದರೆ ಈ ಅಂಗಳಕ್ಕೆ ಬಂದು ಕೂತಾಗಿನಿಂದ ತಾನು ಒಮ್ಮೆಯಾದರೂ ಕೈ ಕೆರೆದುಕೊಂಡಿದ್ದೇನೆಯೇ?

ಇಲ್ಲಿ ಆ ಮನೆಯ ಪಡಸಾಲೆಯ ಸಂಗತಿ ಹೇಳಬೇಕು. ಆ ವರ್ಷ ಅವರ ಹೊಲದ ಹತ್ತಿ ಚೆನ್ನಾಗಿ ಬಂದಿತ್ತು. ಹಿಂದಿನ ವರ್ಷ ಈರಬಸಪ್ಪ ಅವಸರದಿಂದ ಮಾರಿ, ಆಮೇಲೆ ದರ ಏರಿ, ಗೆಳೆಯರ ನಗೆಗೆ ಗುರಿಯಾಗಿದ್ದ. ಈ ಸಲ ತಾನು ಹೇಳಿದ ದರ ಬರುವವರೆಗೆ ಒಂದು ಎಳೆಯನ್ನೂ ಕೊಡುವುದಿಲ್ಲವೆಂದು ಪಣ ತೊಟ್ಟು, ದೇವರ ಪಟ ನೋಡುವ ಮೊದಲು ಮೊಬೈಲಿನಲ್ಲಿ ದರ ನೋಡುತ್ತಿದ್ದ. ಹತ್ತಿ ತುಳಿದು ತುಂಬಿದ ಆಳೆತ್ತರದ ಗೋಣಿಚೀಲಗಳು, ನಮ್ಮ ಕಡೆಯ ಅಂಡಿಗೆಗಳು, ಪಡಸಾಲೆಯಲ್ಲಿ ಜಂತಿ ಮುಟ್ಟಿದ್ದವು. ಅಂಡಿಗೆಗೆ ತುಂಬದೆ ಉಳಿದದ್ದು ಮೂಲೆಯಲ್ಲಿ ರಾಶಿ ಬಿದ್ದಿತ್ತು. ರಾಶಿಗೆ ಅರಿಶಿನ ಕುಂಕುಮ, ದಿನವೂ ಊದಿನಕಡ್ಡಿ. ಅದೇ ಪಡಸಾಲೆಯ ತೊಲೆಗೆ ತೊಟ್ಟಿಲು. ಹೊಗೆ ತುಂಬುವ ಅಡುಗೆಮನೆ ಬಿಟ್ಟರೆ ತೊಟ್ಟಿಲು ಕಟ್ಟಲು ಬೇರೆ ಜಾಗವೇ ಇರಲಿಲ್ಲ.

ಮನೆಯಲ್ಲಿ ಹತ್ತಿ ಕೂಡಿಟ್ಟರೆ ಮೈ ತುರಿಸುವುದು ನಮ್ಮ ಕರಿನೆಲದವರಿಗೆ ಹೊಸದಲ್ಲ. ಬೀಜ ಬಿಡಿಸದ ಹೊಲದ ಹತ್ತಿಯಲ್ಲಿರುವ, ಕಣ್ಣಿಗೆ ಕಾಣದ ಯಾವುದೋ ಹುಳ, ಪಿಂಜಾರನ ಹಳೆಯ ಹತ್ತಿಯಲ್ಲಿ ಅದಿರುವುದಿಲ್ಲ. ಆದರೆ ಆ ತುರಿಕೆಯನ್ನು ನಾವು ರೋಗವೆಂದು ಎಣಿಸಿದವರೇ ಅಲ್ಲ, ಸುಗ್ಗಿಯ ಗುರುತೆಂದು ಹೆಮ್ಮೆಪಟ್ಟವರು. ಮೈ ತುರಿಸಿದರೆ ಹತ್ತಿ ಕೈ ಹಿಡಿಯಿತು ಎಂದು ಈರಬಸಪ್ಪನ ತಂದೆ ಹೇಳುತ್ತಿದ್ದನಂತೆ. ಹತ್ತಿ ಎಂದರೆ ಮನೆಗೆ ಬಂದ ಲಕ್ಷ್ಮಿ. ಕಸವನ್ನು, ನೀರನ್ನು, ಸಾಬೂನನ್ನು, ಕಡೆಗೆ ಮಾಬುಸಾಬನನ್ನೂ ಅನುಮಾನಿಸಿದ ಸುಶೀಲವ್ವ, ತಾನೇ ಕುಂಕುಮವಿಟ್ಟ ರಾಶಿಯತ್ತ ಕಣ್ಣೆತ್ತಿಯೂ ನೋಡಿರಲಿಲ್ಲ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು ಆಕೆಯ ಶೋಧ.

ಸಂಜೆ ಮನೆಗೆ ಬಂದವಳು ಗಾದಿಯನ್ನು ಒಳಗೆ ಒಯ್ಯಲಿಲ್ಲ, ಕಟ್ಟೆಯ ಮೇಲಿಟ್ಟಳು. ಕುಬಸದ ತೋಳು ಏರಿಸಿ, ಬರಿಗೈಯಲ್ಲಿ ಹೋಗಿ ಹತ್ತಿಯ ರಾಶಿಯ ಪಕ್ಕ ನಿಂತಳು. ಒಳಗೆ ಒಲೆಯ ಮೇಲಿದ್ದ ಅನ್ನ ಅರ್ಧ ಬೇಯುವಷ್ಟರಲ್ಲಿ ಮುಂಗೈ ಚುಮುಚುಮು ಎಂದಿತು. ಇನ್ನೂ ಸ್ವಲ್ಪ ಹೊತ್ತು ನಿಂತಳು. ತೋಳಿನ ಮೇಲೆ ಕೆಂಪು ಗಂಧೆ ಎದ್ದಿತು, ಕೂಸಿನ ಬೆನ್ನಿನ ಮೇಲಿದ್ದಂಥದೇ. ಆ ರಾತ್ರಿ ಕೂಸನ್ನು ಎತ್ತಿಕೊಂಡು ರೋಹಿಣಿಯೊಡನೆ ಅಡುಗೆಮನೆಯ ನೆಲದ ಮೇಲೆ ಮಲಗಿದಳು.

ಮುಂಜಾನೆ ಹತ್ತಿ ಹೊರಗೆ ಹೋಗಬೇಕೆಂದು ಗಂಡನಿಗೆ ಹೇಳಿದಳು. ಈರಬಸಪ್ಪ ಮೊದಲು ನಕ್ಕ, ಆಮೇಲೆ ದರದ ಮಾತೆತ್ತಿದ, ಅದೂ ನಡೆಯದಾಗ ಎಲ್ಲರೂ ಅಂಜುವ ಮಾತನ್ನೇ ತೆಗೆದ.

“ಇವತ್ತ ಶುಕ್ರವಾರ. ಲಕ್ಷ್ಮೀನ್ನ ಹೊರಗ ಹಾಕಿದ ಮನಿ ಉದ್ಧಾರ ಆಗ್ತೈತೇನು?”

ಪ್ರತಿ ಶುಕ್ರವಾರ ಹೊಸ್ತಿಲು ತೊಳೆದು ಲಕ್ಷ್ಮಿಗೆ ಆರತಿ ಎತ್ತುವ ಹೆಂಗಸು ದೇವರ ಪಟದತ್ತ ಒಮ್ಮೆ ನೋಡಿದಳು. ಆಮೇಲೆ ಗೂಟದ ಕಡೆ ಹೋಗಿ ಕೋಟನ್ನು ತೆಗೆದು, ತಿರುವಿ ತೊಟ್ಟಳು.

“ಇಬ್ರು ಲಕ್ಷ್ಮ್ಯಾರಿಗೆ ಈ ಪಡಸಾಲಿ ಸಾಲವಲ್ದು. ಒಬ್ಬಾಕಿನ್ನ ಸೋಮವಾರ ಮಲ್ಲಕ್ಕ ಒಯ್ತಾಳ. ಇಲ್ಲಾಂದ್ರ ಇನ್ನೊಬ್ಬಾಕಿನ್ನ ನಾ ಈಗ ಒಯ್ತೇನಿ.”

ತನಗಿಂತ ಎತ್ತರದ ಅಂಡಿಗೆಯೊಂದನ್ನು ಆಕೆ ಒಬ್ಬಳೇ ಉರುಳಿಸಿಕೊಂಡು ಹೊಸ್ತಿಲಿನವರೆಗೆ ತಂದದ್ದನ್ನು ನಾವೆಲ್ಲ ಕಂಡೆವು. ಹೊಸ್ತಿಲಿಗೆ ಅದು ಸಿಕ್ಕಿಕೊಂಡಿತು. ಎಳೆದಳು, ಬರಲಿಲ್ಲ, ಹಿಂದೆ ಹೋಗಿ ಬೆನ್ನು ಕೊಟ್ಟು ನೂಕಿದಳು. ಈರಬಸಪ್ಪ ಕಟ್ಟೆಯ ಮೇಲೆ ಮುಖ ತಿರುಗಿಸಿ ಕೂತಿದ್ದ. ಒಳಗಿನಿಂದ ಕೂಸು ಅತ್ತಿತು. ಅವನು ಮೊಬೈಲನ್ನು ಅಂಗಿಯ ಕಿಸೆಗೆ ಹಾಕಿ, ಎದ್ದು, ಅಂಡಿಗೆಯ ಮುಂದಿನ ತುದಿ ಹಿಡಿದ. ಅದನ್ನು ಕಂಡ ಮೇಲೆ ಓಣಿಯವರು ಕೂತಿರುವುದು ಹೇಗೆ? ಹೊತ್ತು ಏರುವಷ್ಟರಲ್ಲಿ ಟ್ರ್ಯಾಕ್ಟರು ಬಂದಿತು, ಹತ್ತಿ ಹುಬ್ಬಳ್ಳಿಯ ಪೇಟೆಗೆ ಹೋಯಿತು. ಆಮೇಲೆ ದರ ಏರಿತೋ ಇಳಿಯಿತೋ ಸುಶೀಲವ್ವ ಕೇಳಲಿಲ್ಲ. ಈರಬಸಪ್ಪ ದಿನವೂ ನೋಡುತ್ತಿದ್ದ, ಹೇಳುತ್ತಿರಲಿಲ್ಲ.

ಶನಿವಾರ, ಭಾನುವಾರ ಆ ಮನೆಯಲ್ಲಿ ಒಲೆಗಿಂತ ಹಂಡೆಯೇ ಹೆಚ್ಚು ಉರಿಯಿತು. ಜಂತಿಯಿಂದ ನೆಲದವರೆಗೆ ಗುಡಿಸಿ, ಬಿಸಿನೀರು ಹೊಯ್ದು, ಗೋಡೆಗೆ ಸುಣ್ಣ ಬಳಿದು, ಬಾಗಿಲು ಕಿಟಕಿ ತೆರೆದಿಟ್ಟು ಒಣಗಿಸಿದಳು. ಗಾದಿಯೂ ಎರಡು ಹಗಲು ಮಾಳಿಗೆಯ ಮೇಲೆ ಮಗ್ಗುಲು ಬದಲಿಸುತ್ತ ಬಿಸಿಲು ಕಾಯಿತು. ನಡುವೆ ಇನ್ನೊಂದು ಕೆಲಸ ಬಾಕಿಯಿತ್ತು. ಮಾಬುಸಾಬನನ್ನು ಮನೆಯೊಳಗೆ ಕರೆದು ತಪ್ಪಾಯಿತೆಂದರೆ ಸಾಕಿತ್ತು, ಆತ ಅದನ್ನೂ ಬಯಸಿರಲಿಲ್ಲ. ಬೈದದ್ದು ಬೀದಿಯಲ್ಲಿ ಎಂದು ಸುಶೀಲವ್ವ ಬೀದಿಗೇ ಬಂದು, ಆವತ್ತು ತಡೆದ ಜಾಗದಲ್ಲಿಯೇ ಆತನನ್ನು ನಿಲ್ಲಿಸಿ, ಕಟ್ಟೆಗಳೆಲ್ಲ ಕೇಳುವಂತೆ ಹೇಳಿದಳು.

“ಮಾಬಣ್ಣನ ಹತ್ತಿ ಶುದ್ಧ ಐತಿ. ಹೊಲಸು ಇದ್ದದ್ದು ನನ್ನ ಮನ್ಯಾಗ.”

ಮಾಬುಸಾಬ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು, ಇರಲಿ ಬಿಡ್ರಿ ಅಕ್ಕಾರ ಎಂದು ಮುಂದೆ ಹೋದ.

ಸೋಮವಾರ ಮಲ್ಲಕ್ಕ ಗಾಡಿ ತಂದಳು. ಪಡಸಾಲೆಯಲ್ಲಿ ಹಸಿ ಸುಣ್ಣದ ವಾಸನೆ, ನಡುವೆ ತೊಟ್ಟಿಲು ಒಂದೇ. ಬೀಗತಿ ಬಂದರೆ ಗಾದಿಗೆ ಏಟು ಹಾಕಿ ಕೂಡಿಸಬೇಕಾದ ಸುಶೀಲವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಜೀವಮಾನದಲ್ಲಿ ಮೊದಲ ಸಲ ಆಕೆಗೆ ಕೇಳಲು ಯಾವ ಪ್ರಶ್ನೆಯೂ ಬಾಯಿಗೆ ಬರಲಿಲ್ಲ. ಮಲ್ಲಕ್ಕ ಕುಂಚಿಗೆ ಸರಿಸಿದಳು. ಬೆನ್ನಿನ ಕೆಂಪು ಕಂದಿತ್ತು, ಹೊಸ ಗಂಧೆ ಒಂದೂ ಇರಲಿಲ್ಲ. ಕಾಲುಚೀಲ ಕಳಚಿದ ಕೈಗಳನ್ನು ತಲೆಯ ಎರಡೂ ಬದಿಗೆ ಚೆಲ್ಲಿ ಕೂಸು ಗಾಢ ನಿದ್ದೆಯಲ್ಲಿತ್ತು. ಮಲ್ಲಕ್ಕ ಅದರ ಬೆನ್ನಿನಡಿ ಮೆಲ್ಲಗೆ ಕೈ ಸೇರಿಸಿ, ಕೌದಿಯ ಕೆಳಗೆ, ಶೀಟಿನ ಕೆಳಗೆ, ಗಾದಿಯವರೆಗೆ ಮುಟ್ಟಿ ನೋಡಿದಳು. ಕೈ ತೆಗೆದು ಮೂಸಿದಳು.

“ಒಣಗೇತ್ರಿ ಅಕ್ಕಾರ.”

ಗಾಡಿ ಖಾಲಿಯಾಗಿಯೇ ಅಣ್ಣಿಗೇರಿಗೆ ಹೋಯಿತು. ಮಲ್ಲಕ್ಕನೂ ಆ ವಾರವೆಲ್ಲ ಇಲ್ಲಿಯೇ ಉಳಿದು, ಬೀಗತಿಯರಿಬ್ಬರೂ ಗಾದಿಯ ಎರಡು ತುದಿ ಹಿಡಿದು ಮಾಳಿಗೆ ಏರುತ್ತಿದ್ದರು.

ಈಗ ಆ ಮನೆಯ ಹತ್ತಿಗೆ ಹಿತ್ತಲಲ್ಲಿ ಬೇರೆಯೇ ತಗಡಿನ ಶೆಡ್ಡು. ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಸುಶೀಲವ್ವ ತಿರುವಿದ ಕೋಟು ತೊಟ್ಟು ಬಂದು, ತೊಟ್ಟಿಲಿಗಿಂತ ಮೊದಲು ಪಡಸಾಲೆಯ ಮೂಲೆಗಳನ್ನು ನೋಡುತ್ತಾಳೆ. ನಮ್ಮ ಮನೆಯ ಹತ್ತಿಯೂ ಹಾಗೆಯೇ ಹೊರಬಿದ್ದದ್ದು. ಶುದ್ಧದ ಗೀಳಿನವರನ್ನು ಕಂಡು ನಗುವುದು ಸುಲಭ, ನಾನೂ ಬೇಕಾದಷ್ಟು ನಕ್ಕಿದ್ದೇನೆ. ಕೊಳೆಯೆಂದು ಗೊತ್ತಿದ್ದುದನ್ನು ತೊಳೆಯುವವರು ಮನೆಮನೆಗೂ ಇದ್ದಾರೆ. ಆದರೆ ತೊಳೆದೂ ತೊಳೆದೂ ಸೋತ ಮೇಲೆ, ತಾನು ಕುಂಕುಮವಿಟ್ಟು ಕೈಮುಗಿದದ್ದನ್ನೇ ಅನುಮಾನಿಸಿ, ತನ್ನ ಮೈಮೇಲೆಯೇ ಪರೀಕ್ಷಿಸಿ, ಹೌದೆಂದು ತಿಳಿದ ಮೇಲೆ ಅದನ್ನು ಹೊಸ್ತಿಲಾಚೆ ನೂಕುವ ಎದೆಗಾರಿಕೆ ಯಾವುದೋ ಒಂದು ಜಾತಿಯ ಹಟಮಾರಿಗಳಿಗೆ ಮಾತ್ರ ಇರುತ್ತದೆ. ಅಂಥವರ ಕಾಟದಲ್ಲಿ ನಾವು ಕಟ್ಟೆಯ ಮೇಲೆ ಕೂತು ಚಹಾ ಕುಡಿಯಬೇಕಾಗುತ್ತದೆ, ನಿಜ. ಒಳಗೆ ಕೂಸು ಮಲಗಿರುತ್ತದೆ.